ಮುಂಬಯಿಯ ಪಾನಾ: ಸೂತದಿಂದ ಮಿಲಿಮೀಟರಿನವರೆಗೆ

ಮುಂಬಯಿ ಕನ್ನಡಿಗರ ಇತಿಹಾಸವನ್ನು ಹೇಳಲು ಹೊರಟಾಗಲೆಲ್ಲ ನಾವು ಹೋಟೆಲಿನಿಂದ ಆರಂಭಿಸಿ, ರಾತ್ರಿಶಾಲೆಯ ಮೆಟ್ಟಿಲು ಹತ್ತಿ, ಅಲ್ಲಿಂದ ಬ್ಯಾಂಕು, ರಂಗಭೂಮಿ, ಸಂಘ-ಸಂಸ್ಥೆಗಳ ಕಡೆಗೆ ತಿರುಗಿಬಿಡುತ್ತೇವೆ. ಅದು ಸರಿಯಾದದ್ದೇ. ಆದರೆ ಹಗಲೆಲ್ಲ ಗ್ಯಾರೇಜು, ವರ್ಕ್‌ಶಾಪು, ಗಿರಣಿಗಳಲ್ಲಿ ಕೈ ಕಪ್ಪು ಮಾಡಿಕೊಂಡು, ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಅದೇ ರಾತ್ರಿಶಾಲೆಯ ಬೆಂಚಿನ ಮೇಲೆ ಬಂದು ಕುಳಿತವರೂ ನಮ್ಮವರೇ. ಅವರ ಕೈಯಲ್ಲಿದ್ದ ಉಪಕರಣಕ್ಕೂ ಒಂದು ಚರಿತ್ರೆಯಿದೆ. ಈ ಸಲ ಅದನ್ನೇ ಸ್ವಲ್ಪ ಹೇಳೋಣವೆಂದಿದ್ದೇವೆ. ಜೊತೆಗೆ ಒಂದು ವ್ಯವಹಾರದ ಮಾತೂ ಇದೆ. ಈಗ ಎಲ್ಲೆಡೆ ಕಾಣುವ ರಿವರ್ಸಿಬಲ್ ರ‍್ಯಾಚೆಟ್ ಪಾನಾಗಳ ಸೆಟ್ಟನ್ನು ಕೊಳ್ಳುವಾಗ ಏನನ್ನು ನೋಡಬೇಕು? ಕೆಲಸ ಕಲಿಯುತ್ತಿರುವ ಹುಡುಗ ಸ್ವಂತ ಸಂಬಳದಿಂದ ಕೊಳ್ಳುವ ಮೊದಲ ದುಬಾರಿ ವಸ್ತು ಅನೇಕ ವೇಳೆ ಇದೇ ಆಗಿರುವುದರಿಂದ ಪ್ರಶ್ನೆ ಚಿಕ್ಕದಲ್ಲ.

'ಪಾನಾ' ಎಂಬ ಶಬ್ದ ಮುಂಬಯಿಯಲ್ಲಿ ಎಲ್ಲ ಭಾಷೆಯವರ ಸ್ವತ್ತು. ಊರಿನಲ್ಲಿ 'ಸ್ಪ್ಯಾನರ್' ಎನ್ನುತ್ತಿದ್ದವನು ಇಲ್ಲಿ ವಾರದೊಳಗೆ 'ಪಾನಾ' ಎನ್ನತೊಡಗುತ್ತಾನೆ. ಎರಡು ತುದಿಗೂ ಬಾಯಿ ತೆರೆದಿರುವುದು ಪಾನಾ, ಬಳೆಯಂತೆ ನಟ್ಟನ್ನು ಸುತ್ತುವುದು ರಿಂಗ್ ಪಾನಾ, ಹಿಡಿಗೆ ಸಿಕ್ಕಿಸುವ ಸಾಕೆಟ್ಟಿಗೆ 'ಗೋಟಿ'. ಅಳತೆಗಳ ಹೆಸರಂತೂ ಹಿಂದಿಯ ಮಗ್ಗಿಯಿದ್ದಂತೆ: ದಸ್-ಗ್ಯಾರಾ, ಬಾರಾ-ತೇರಾ, ಚೌದಾ-ಪಂದ್ರಾ, ಸೋಲಾ-ಸತ್ರಾ. ಕುಂದಾಪುರದಿಂದಲೋ ಕಲಬುರಗಿಯಿಂದಲೋ ಬಂದ ಹುಡುಗರು ಹಿಂದಿಯ ಅಂಕಿಗಳನ್ನು ಕಲಿತದ್ದು ಶಾಲೆಯಲ್ಲಲ್ಲ, ವಾಹನದ ಕೆಳಗೆ ಮಲಗಿದ್ದ ಉಸ್ತಾದನ ಕೈಗೆ ಪಾನಾ ಕೊಡುತ್ತ. "ಏ ಮಾರಾಯ, ಸತ್ರಾ ಕೊಡು" ಎಂಬ ಮಾತಿನಲ್ಲಿ ಎರಡು ರಾಜ್ಯಗಳು ಕೂಡಿಕೊಂಡಿವೆ.

ಆದರೆ ಈ ಸತ್ರಾ, ಅಂದರೆ ಹದಿನೇಳು ಮಿಲಿಮೀಟರ್, ಮುಂಬಯಿಗೆ ಬಂದದ್ದು ತೀರ ಈಚೆಗೆ. ಅದಕ್ಕೆ ಮೊದಲು ಇಲ್ಲಿ ಆಳಿದ್ದು ಅಂಗುಲ. ಅದರಲ್ಲಿಯೂ ಒಬ್ಬ ಆಂಗ್ಲ ಯಂತ್ರಶಿಲ್ಪಿಯ ಅಂಗುಲ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಹೊರಟಿತು. ಮರುವರ್ಷವೇ ಕಾವಸಜಿ ದಾವರರು ನಗರದ ಮೊದಲ ಹತ್ತಿ ಗಿರಣಿಗೆ ಅಡಿಪಾಯ ಹಾಕಿದರು. 1856ರಲ್ಲಿ ಅದು ನೂಲು ತೆಗೆಯಿತು. ಇಂಜಿನ್ನು ಬಂದದ್ದು ಇಂಗ್ಲೆಂಡಿನಿಂದ, ಗಿರಣಿಯ ಯಂತ್ರಗಳು ಬಂದದ್ದೂ ಬಹುಪಾಲು ಅಲ್ಲಿಯ ಲ್ಯಾಂಕಾಶೈರ್ ಪ್ರಾಂತದಿಂದ. ಯಂತ್ರದ ಜೊತೆಗೆ ಅದರ ತಿರುಪೂ ಬಂತು. ಲ್ಯಾಂಕಾಶೈರಿನ ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆಯಿಟ್ಟಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಒಂದು ಸೂಚನೆಯನ್ನು ಮುಂದಿಟ್ಟಿದ್ದರು. ಅಲ್ಲಿಯ ತನಕ ಒಬ್ಬೊಬ್ಬ ಕಾರ್ಖಾನೆಯವನೂ ತನಗೆ ತೋಚಿದಂತೆ ತಿರುಪನ್ನು ಕೊರೆಯುತ್ತಿದ್ದ. ಇವನ ಬೋಲ್ಟಿಗೆ ಅವನ ನಟ್ಟು ಕೂಡುತ್ತಿರಲಿಲ್ಲ. ವಿಟ್‌ವರ್ತರು ಎಲ್ಲರಿಗೂ ಒಂದೇ ಹಲ್ಲು, 55 ಡಿಗ್ರಿಯ ಕೋನ, ಇಂತಿಷ್ಟು ದಪ್ಪದ ಬೋಲ್ಟಿಗೆ ಅಂಗುಲಕ್ಕೆ ಇಂತಿಷ್ಟು ಸುತ್ತು ಎಂದು ಗೊತ್ತುಪಡಿಸಿದರು. ರೈಲ್ವೆಗಳು ಅದನ್ನು ಒಪ್ಪಿಕೊಂಡವು. ಹೀಗೆ ಭಾಯಖಳಾದ ರೈಲ್ವೆ ವರ್ಕ್‌ಶಾಪಿನಲ್ಲಿ, 1879ರಿಂದ ಪರೇಲಿನಲ್ಲಿ, 1880ರ ದಶಕದಲ್ಲಿ ತಲೆಯೆತ್ತಿದ ನಮ್ಮ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೂಡ ಇದೇ ತಿರುಪು ನಡೆಯಿತು. ಹುಬ್ಬಳ್ಳಿಯಲ್ಲಿ ಕೆಲಸ ಕಲಿತವನಿಗೆ ಪರೇಲಿನ ಪಾನಾ ಪರಕೀಯವಾಗಬೇಕಾಗಿರಲಿಲ್ಲ.

ನಮ್ಮ ಕುಶಲಕರ್ಮಿಗಳು ಈ ವಿಲಾಯತಿ ಅಂಗುಲವನ್ನು ತಮ್ಮದಾಗಿಸಿಕೊಂಡ ಬಗೆ ನೋಡತಕ್ಕದ್ದು. ಅಂಗುಲದ ಎಂಟನೇ ಒಂದು ಭಾಗವನ್ನು ಕನ್ನಡದ ಬಡಗಿ 'ನೂಲು' ಎನ್ನುತ್ತಾನೆ, ಮುಂಬಯಿಯ ಫಿಟರ್ 'ಸೂತ' ಎನ್ನುತ್ತಾನೆ. ಎರಡರ ಅರ್ಥವೂ ದಾರವೇ. ನಾಲ್ಕು ಸೂತ ಅರ್ಧ ಅಂಗುಲ, ಆರು ಸೂತ ಮುಕ್ಕಾಲು. ಶಾಲೆ ಕಾಣದವನೂ ಭಿನ್ನರಾಶಿಯ ಲೆಕ್ಕವನ್ನು ಬೆರಳ ತುದಿಯಲ್ಲಿ ಮಾಡುತ್ತಿದ್ದ.

ಇಷ್ಟಾದರೂ ವಿಟ್‌ವರ್ತ್ ಪಾನಾದಲ್ಲಿ ಒಂದು ಮೋಜಿತ್ತು. ಅದರ ಮೇಲೆ ಕೊರೆದ ಅಂಕಿ ಪಾನಾದ ಬಾಯಿಯ ಅಗಲವಲ್ಲ, ಅದು ಬಿಚ್ಚಬೇಕಾದ ಬೋಲ್ಟಿನ ದಪ್ಪ. 1/2 ಎಂದು ಬರೆದ ಪಾನಾದ ಬಾಯಿಯನ್ನು ಅಳೆದರೆ ಸುಮಾರು 0.92 ಅಂಗುಲ! ಇದೇ ಅರ್ಧ ಅಂಗುಲ ಮುಂದೆ ಎಷ್ಟು ಗೊಂದಲಕ್ಕೆ ಕಾರಣವಾಯಿತೆಂಬುದನ್ನು ನೋಡಲಿದ್ದೇವೆ. ಅದಕ್ಕೆ ಮೊದಲು ನಮ್ಮ ಸೀಮೆಯ ಒಬ್ಬರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ.

ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡದ್ದು; ಅವರು ಯಾರವರೆಂದು ಜಗಳ ಮಾಡುವವರು ಮಾಡಲಿ, ನಮಗೆ ಅದರಲ್ಲಿ ಆಸಕ್ತಿಯಿಲ್ಲ. ಚಿತ್ರಕಲೆ ಕಲಿಯಲೆಂದು ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟಿಗೆ ಬಂದರು. ಕಣ್ಣಿಗೆ ಬಣ್ಣಗಳ ಭೇದ ಸರಿಯಾಗಿ ಕಾಣದೆಂದು ಗೊತ್ತಾದಾಗ ಬಣ್ಣ ಬಿಟ್ಟು ಗೆರೆಗಳಿಗೆ ತಿರುಗಿದರು. ಯಂತ್ರಗಳ ನಕ್ಷೆ ತೆಗೆಯುವುದನ್ನು ಕಲಿತು, 1887ರಲ್ಲಿ ಆರಂಭವಾಗಿದ್ದ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕರಾದರು. ಆಗ ಭಾಯಖಳಾದಲ್ಲಿದ್ದ ಆ ಸಂಸ್ಥೆ 1923ರಲ್ಲಿ ಮಾಟುಂಗಕ್ಕೆ ಬಂತು. ಇಂದು ವೀರಮಾತಾ ಜೀಜಾಬಾಯಿಯ ಹೆಸರಿನಲ್ಲಿದೆ. ನಮ್ಮ ಓದುಗರಲ್ಲಿ ಅದರ ಗೋಡೆಯ ಪಕ್ಕದಲ್ಲಿ ನಡೆದು ಹೋಗದವರು ಕಡಿಮೆ.

ಅಧ್ಯಾಪಕರಾಗಿದ್ದುಕೊಂಡೇ ಲಕ್ಷ್ಮಣರಾಯರು ಅಣ್ಣನ ಜೊತೆಗೂಡಿ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆಗೆದರು. ಇವರು ಮುಂಬಯಿಯಿಂದ ಕಳಿಸುವುದು, ಅಣ್ಣ ಅಲ್ಲಿ ಮಾರುವುದು. ಆಮೇಲೆ ಮುಂಬಯಿಯ ಕೆಲಸ ಬಿಟ್ಟು ಬೆಳಗಾವಿಗೇ ಹೋಗಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ಹತ್ತಿರ ಸೇರಿಸಲಿಲ್ಲ. ಮೊದಲ ನೇಗಿಲುಗಳು ಮಾರಾಟವಾಗುವುದಕ್ಕೆ ವರ್ಷಗಳೇ ಹಿಡಿದವು. ರೈತರ ಹಿಂಜರಿಕೆಗೆ ಇನ್ನೂ ಒಂದು ಕಾರಣವಿದ್ದಿರಬೇಕೆಂದು ನಮಗೆ ತೋರುತ್ತದೆ. ಮರದ ನೇಗಿಲು ಮುರಿದರೆ ಊರ ಬಡಗಿ ಇದ್ದಾನೆ, ಗುಳ ಸವೆದರೆ ಕಮ್ಮಾರನಿದ್ದಾನೆ. ಬೋಲ್ಟು ಹಾಕಿದ ನೇಗಿಲನ್ನು ಬಿಚ್ಚಲು ಪಾನಾ ಬೇಕು. ಹಳ್ಳಿಯಲ್ಲಿ ಪಾನಾ ಎಲ್ಲಿಯದು? ಹತ್ತಿಪ್ಪತ್ತು ವರ್ಷಗಳಲ್ಲಿ ಆ ಸಂಕೋಚ ಕಳೆಯಿತು. 1910ರಲ್ಲಿ ಔಂಧ್ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು, 1941ರಲ್ಲಿ ಲೇತುಗಳನ್ನು ಮಾಡುವ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಆರಂಭವಾಯಿತು. ಮುಂಬಯಿಯಿಂದ ಕನ್ನಡ ನಾಡಿಗೆ ಹೋದ ಯಂತ್ರವಿದ್ಯೆಯ ಕಥೆ ಇದು. ನಾವು ಸದಾ ಹೇಳಿಕೊಳ್ಳುವುದು ಅಲ್ಲಿಂದ ಇಲ್ಲಿಗೆ ಬಂದವರ ಕಥೆಯನ್ನಷ್ಟೇ.

ಇನ್ನು ಗೊಂದಲದ ಕಾಲಕ್ಕೆ ಬರೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮುಂಬಯಿಯಲ್ಲಿ ಅಮೇರಿಕದ ವಾಹನಗಳು ಹೆಚ್ಚಿದವು. ಮಝಗಾಂವಿನಲ್ಲಿ ಮಹೀಂದ್ರದವರು ಜೀಪುಗಳನ್ನು ಜೋಡಿಸತೊಡಗಿದರು. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸಿನ ಕುರ್ಲಾ ಕಾರ್ಖಾನೆಯಿಂದ ಡಾಡ್ಜ್, ಪ್ಲಿಮತ್, ಫಾರ್ಗೊ ಗಾಡಿಗಳು ಹೊರಬಿದ್ದವು. ಅಮೇರಿಕದ ಪಾನಾದಲ್ಲಿ 1/2 ಎಂದಿದ್ದರೆ ಬಾಯಿಯ ಅಗಲ ನಿಜವಾಗಿಯೂ ಅರ್ಧ ಅಂಗುಲ. ಹೀಗಾಗಿ ಒಂದೇ ಪೆಟ್ಟಿಗೆಯಲ್ಲಿ ಒಂದೇ ಅಂಕಿ ಹೊತ್ತ ಎರಡು ಪಾನಾಗಳು. ಒಂದು ಇನ್ನೊಂದರ ಸುಮಾರು ಇಮ್ಮಡಿ! 1948ರಲ್ಲಿ ಇಂಗ್ಲೆಂಡ್, ಅಮೇರಿಕ, ಕೆನಡಾ ದೇಶಗಳು ಕೂಡಿ ಏಕರೂಪದ ತಿರುಪನ್ನು ಒಪ್ಪಿಕೊಂಡವು ನಿಜ. ಆದರೆ ಹಳೆಯ ಗಿರಣಿಯ ಯಂತ್ರಗಳಿಗೆ ಆ ಒಪ್ಪಂದ ತಿಳಿಯಬೇಕಲ್ಲ! ಅವು ವಿಟ್‌ವರ್ತನ ಕಾಲದಲ್ಲಿಯೇ ಉಳಿದವು.

ಕೆಲವೇ ವರ್ಷಗಳಲ್ಲಿ ಅದೇ ಕುರ್ಲಾಕ್ಕೆ ಇಟಲಿಯ ಫಿಯಟ್ ಬಂತು. ಇಟಲಿಯವರದು ಮಿಲಿಮೀಟರ್. ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಆ ಕಾರು ಕಪ್ಪು-ಹಳದಿ ಟ್ಯಾಕ್ಸಿಯ ರೂಪದಲ್ಲಿ ನಗರವನ್ನೆಲ್ಲ ಆಕ್ರಮಿಸಿತು. 2023ರ ಅಕ್ಟೋಬರಿನಲ್ಲಿ ಟ್ಯಾಕ್ಸಿಯಾಗಿ ಅದರ ಆಯುಷ್ಯ ಮುಗಿಯಿತು. ಬೇರೆ ಊರುಗಳಲ್ಲಿ ಅಂಬಾಸಡರ್ ಟ್ಯಾಕ್ಸಿಗಳಿದ್ದುದರಿಂದ ಅಲ್ಲಿಯ ಮೆಕ್ಯಾನಿಕ್ ಅಂಗುಲದಲ್ಲಿಯೇ ಉಳಿದಿದ್ದರೆ, ಮುಂಬಯಿಯವನು ಬೇಗನೆ ದಸ್-ಗ್ಯಾರಾ ಕಲಿತ. ಸರಕಾರವೂ ಅದೇ ದಾರಿ ಹಿಡಿದಿತ್ತು. 1956ರ ಡಿಸೆಂಬರಿನಲ್ಲಿ ತೂಕ-ಅಳತೆಯ ಕಾಯಿದೆ ಆಯಿತು. 1957ರ ಏಪ್ರಿಲಿನಲ್ಲಿ ನಯಾ ಪೈಸೆ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ, ಮೀಟರು. ಬೆಂಗಳೂರಿನಲ್ಲಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಕಂಪೆನಿಯ ಸಹಾಯದಿಂದ ಸ್ಥಾಪನೆಯಾದ ಎಚ್.ಎಂ.ಟಿ. ಕೂಡ ಮಿಲಿಮೀಟರಿನ ಮನೆತನದ್ದೇ.

ಕಾಯಿದೆ ಬಂದಿತೆಂದು ನಟ್ಟು ಬದಲಾಗುವುದಿಲ್ಲ. ಹಲವು ವರ್ಷಗಳ ಕಾಲ ಒಬ್ಬ ಮೆಕ್ಯಾನಿಕ್ ಮೂರು ಬಗೆಯ ಪಾನಾಗಳನ್ನು ಇಟ್ಟುಕೊಳ್ಳಬೇಕಾಯಿತು. ಮೂರನ್ನೂ ಕೊಳ್ಳಲು ಹಣವೆಲ್ಲಿ? ಆಗ ಹುಟ್ಟಿದ್ದು 'ಚಲ್ತಾ ಹೈ' ಶಾಸ್ತ್ರ. ಮುಕ್ಕಾಲು ಅಂಗುಲವೆಂದರೆ 19.05 ಮಿಲಿಮೀಟರ್; ಅದಕ್ಕೆ ಉನ್ನೀಸ್ ನಡೆಯುತ್ತದೆ. ಐದು-ಹದಿನಾರಕ್ಕೆ, ಅಂದರೆ 7.94ಕ್ಕೆ, ಎಂಟು ನಡೆಯುತ್ತದೆ. ಆದರೆ ಒಂಬತ್ತು-ಹದಿನಾರು, ಅಂದರೆ 14.29, ಚೌದಾಕ್ಕೆ ಹೋಗುವುದಿಲ್ಲ, ಪಂದ್ರಾಕ್ಕೆ ಸಡಿಲ. ಸಡಿಲವಾದ ಪಾನಾವನ್ನು ಬಲವಾಗಿ ಎಳೆದರೆ ನಟ್ಟಿನ ಆರು ಮೂಲೆಗಳೂ ಸವೆದು ಗುಂಡಗಾಗುತ್ತದೆ. ಪಾನಾ ಜಾರುತ್ತದೆ, ಗೆಣ್ಣು ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ. ಹಳೆಯ ಫಿಟರುಗಳ ಗೆಣ್ಣುಗಳ ಮೇಲಿರುವ ಬಿಳಿಯ ಕಲೆಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ದಿನಗೂಲಿಯವನ ಬೆರಳು ಊದಿದರೆ ಆ ವಾರದ ಮನಿಆರ್ಡರ್ ಊರಿಗೆ ಹೋಗುವುದಿಲ್ಲ.

ಮಿಲಿಮೀಟರೆಂದ ಮೇಲೆ ಎಲ್ಲವೂ ಒಂದೇ ಆಯಿತೆಂದು ಯಾರೂ ಭಾವಿಸಬಾರದು. ಯುರೋಪಿನ ಹಳೆಯ ರೂಢಿಯಂತೆ ಎಂಟು ಮಿಲಿಮೀಟರ್ ಬೋಲ್ಟಿನ ತಲೆ ಹದಿಮೂರು, ಹತ್ತರದು ಹದಿನೇಳು, ಹನ್ನೆರಡರದು ಹತ್ತೊಂಬತ್ತು. ಜಪಾನಿನವರು ತಲೆಯನ್ನು ಚಿಕ್ಕದು ಮಾಡಿದರು: ಎಂಟಕ್ಕೆ ಹನ್ನೆರಡು, ಹತ್ತಕ್ಕೆ ಹದಿನಾಲ್ಕು, ಹನ್ನೆರಡಕ್ಕೆ ಹದಿನೇಳು. 1983ರ ಡಿಸೆಂಬರಿನಲ್ಲಿ ಮಾರುತಿ ರಸ್ತೆಗಿಳಿದ ಮೇಲೆ ಫಿಯಟ್ಟಿನ ಗ್ಯಾರೇಜುಗಳಲ್ಲಿ ಮೂಲೆಯಲ್ಲಿ ಬಿದ್ದಿದ್ದ ಬಾರಾ ಮತ್ತು ಚೌದಾಗಳಿಗೆ ಒಮ್ಮೆಲೇ ಕೆಲಸ ಬಂತು. ಅಂತರರಾಷ್ಟ್ರೀಯ ಮಾನದಂಡವಂತೂ ಹತ್ತಕ್ಕೆ ಹದಿನಾರು, ಹನ್ನೆರಡಕ್ಕೆ ಹದಿನೆಂಟು ಎಂದು ಮೂರನೆಯ ದಾರಿ ಹಿಡಿದಿದೆ. ಇಷ್ಟೆಲ್ಲ ಅಂಕಿಗಳನ್ನು ಸುಮ್ಮನೆ ಹೇಳಲಿಲ್ಲ. ಸೆಟ್ಟು ಕೊಳ್ಳುವಾಗ ಇವೇ ಬೇಕಾಗುತ್ತವೆ.

ಇನ್ನು ರ‍್ಯಾಚೆಟ್. ಹೆಸರು ಹೊಸತಾದರೂ ವಸ್ತು ಹಳೆಯದು. ಹಲ್ಲುಗಳಿರುವ ಒಂದು ಚಕ್ರ, ಆ ಹಲ್ಲುಗಳಿಗೆ ಬೀಳುವ ಒಂದು ನಾಲಿಗೆ. ಚಕ್ರ ಒಂದು ಕಡೆಗೆ ತಿರುಗುತ್ತದೆ, ಇನ್ನೊಂದು ಕಡೆಗೆ ತಿರುಗದಂತೆ ನಾಲಿಗೆ ತಡೆಯುತ್ತದೆ. ನೇಕಾರರ ಮನೆಯಲ್ಲಿ ಬೆಳೆದವರು ಇದನ್ನು ಮಗ್ಗದಲ್ಲಿ ಕಂಡಿದ್ದಾರೆ. ನೇಯ್ದ ಬಟ್ಟೆ ಸುತ್ತಿಕೊಳ್ಳುವ ದಿಂಡು ಹಿಂದಕ್ಕೆ ಸಡಿಲಬಾರದಲ್ಲ! ಪರೇಲ್, ಲಾಲಬಾಗಿನ ಗಿರಣಿಗಳ ಮಗ್ಗಗಳಲ್ಲಿಯೂ ಅದೇ ಇತ್ತು. ಸೈಕಲಿನ ಫ್ರೀವೀಲಿನಲ್ಲಿ ಕಟಕಟ ಎನ್ನುವುದೂ ಅದೇ ನಾಲಿಗೆ. ಸೈಕಲ್ ಅಂಗಡಿಯವರು ಅದಕ್ಕೆ 'ಕುತ್ತಾ' ಎನ್ನುತ್ತಾರೆ. ಬಾಗಿಲು ಕಾಯುವುದೇ ಅದರ ಕೆಲಸವಾದ್ದರಿಂದ ಹೆಸರು ಒಪ್ಪುತ್ತದೆ.

ಇದನ್ನು ಪಾನಾಕ್ಕೆ ಸೇರಿಸಿ ಹಕ್ಕುಪತ್ರ ಪಡೆದವರಲ್ಲಿ ಮೊದಲಿಗರು ಅಮೇರಿಕದ ವರ್ಮಾಂಟ್ ಸಂಸ್ಥಾನದ ಜೆ. ಜೆ. ರಿಚರ್ಡ್‌ಸನ್, ವರ್ಷ 1863. 1920ರಲ್ಲಿ ಅಲ್ಲಿಯ ಸ್ನ್ಯಾಪ್-ಆನ್ ಕಂಪೆನಿ ಐದು ಹಿಡಿಗಳಿಗೆ ಹತ್ತು ಗೋಟಿಗಳನ್ನು ಬದಲಾಯಿಸಿ ಸಿಕ್ಕಿಸುವ ಪದ್ಧತಿಯನ್ನು ಮಾರುಕಟ್ಟೆಗೆ ತಂದಿತು. ಮುಂದೆ 1960ರ ದಶಕದಲ್ಲಿ ಸಿಯರ್ಸ್ ಎಂಬ ಭಾರೀ ಮಳಿಗೆಯಲ್ಲಿ ಕೆಲಸಕ್ಕಿದ್ದ ಹದಿನೆಂಟರ ಹುಡುಗ ಪೀಟರ್ ರಾಬರ್ಟ್ಸ್, ಒಂದೇ ಕೈಯಿಂದ ಗುಂಡಿ ಒತ್ತಿ ಗೋಟಿಯನ್ನು ಕಳಚುವ ಉಪಾಯ ಕಂಡುಹಿಡಿದ. ಅದಕ್ಕೆ ಹೆಚ್ಚಿನ ಬೆಲೆಯಿಲ್ಲವೆಂದು ನಂಬಿಸಿ ಅವನಿಗೆ ಸಂದಾಯ ಮಾಡಿದ್ದು 10,000 ಡಾಲರ್. ಸಂಗತಿ ತಿಳಿದ ಮೇಲೆ 1969ರಲ್ಲಿ ನ್ಯಾಯಾಲಯಕ್ಕೆ ಹೋದವನಿಗೆ ರಾಜಿಯಾಗಲು 1989 ಬರಬೇಕಾಯಿತು. ಉಪಕರಣ ಬಳಸುವವನ ಬುದ್ಧಿಗೆ ಬೆಲೆ ಕಟ್ಟುವುದರಲ್ಲಿ ಎಲ್ಲ ದೇಶದ ಧಣಿಗಳೂ ಒಂದೇ ತಕ್ಕಡಿಯವರೆಂದು ಕಾಣುತ್ತದೆ.

ನಾವು ಈಗ ಹೇಳಲಿರುವುದು ಗೋಟಿಯ ಹಿಡಿಯನ್ನಲ್ಲ, ರಿಂಗಿನೊಳಗೇ ಹಲ್ಲುಚಕ್ರವನ್ನು ಅಡಗಿಸಿಟ್ಟ ಪಾನಾವನ್ನು. ಇದು ವ್ಯಾಪಕವಾಗಿ ಹರಡಿದ್ದು 1990ರ ದಶಕದಿಂದೀಚೆಗೆ. ಇದರ ಲಾಭವೇನೆಂಬುದಕ್ಕೆ ಸ್ವಲ್ಪ ರೇಖಾಗಣಿತ ಸಾಕು. ನಟ್ಟಿಗೆ ಆರು ಮುಖ. ಬಾಯಿ ತೆರೆದ ಪಾನಾದ ತಲೆ 15 ಡಿಗ್ರಿ ಓರೆಯಾಗಿರುವುದರಿಂದ, ಪ್ರತಿ ಸಲ ಮಗುಚಿ ಹಾಕಿದರೆ 30 ಡಿಗ್ರಿ ತಿರುಗಿಸುವಷ್ಟು ಜಾಗ ಸಾಕು. ಹನ್ನೆರಡು ಮೂಲೆಯ ರಿಂಗಿಗೂ ಅಷ್ಟೇ ಬೇಕು. 72 ಹಲ್ಲಿನ ರ‍್ಯಾಚೆಟ್ಟಿಗಾದರೋ ಐದು ಡಿಗ್ರಿ ಸಾಕು; ಪಾನಾವನ್ನು ನಟ್ಟಿನಿಂದ ತೆಗೆಯಬೇಕಾಗಿಯೂ ಇಲ್ಲ. ಇಂದಿನ ಕಾರುಗಳ ಬಾನೆಟ್ಟಿನೊಳಗೆ ಬೆರಳು ತೂರಿಸಲೂ ಎಡೆಯಿಲ್ಲದಿರುವಾಗ ಇದು ದೊಡ್ಡ ಉಪಕಾರವೇ ಸರಿ.

ಕೊಳ್ಳುವ ಮಾತು. ಮುಂಬಯಿಯಲ್ಲಿ ಇದಕ್ಕೆ ನಾಗದೇವಿ ಬೀದಿಯೇ ಪೇಟೆ. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದು ಹೋಗುವಷ್ಟು ದೂರ. ಕುರ್ಲಾದ ಹಳೇ ಸಾಮಾನಿನ ಅಂಗಡಿಗಳಲ್ಲಿ, ದಾರೂಖಾನಾದ ಹಡಗಿನ ಗುಜರಿಯಲ್ಲಿ ಅಪರೂಪಕ್ಕೆ ಒಳ್ಳೆಯ ವಿಲಾಯತಿ ಪಾನಾ ಸಿಗುವುದುಂಟು. ಬಾಯಿಪಾನಾ, ರಿಂಗ್ ಪಾನಾಗಳನ್ನು ಹಾಗೆ ಕೊಳ್ಳಬಹುದು, ರ‍್ಯಾಚೆಟ್ಟನ್ನು ಮಾತ್ರ ಬೇಡ. ಒಳಗಿನ ನಾಲಿಗೆ ಎಷ್ಟು ಸವೆದಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ದೇಶದಲ್ಲಿಯೇ ತಯಾರಾದ ಸಾದಾ ಪಾನಾಗಳ ಬಗ್ಗೆ ಸಂಕೋಚ ಬೇಕಿಲ್ಲ. ನಾಸಿಕದ ತಾಪಡಿಯಾದವರು 1969ರಿಂದ, ಸ್ವೀಡನ್ನಿನ ಕಂಪೆನಿಯೊಂದರ ತಾಂತ್ರಿಕ ಸಹಾಯದಿಂದ ಆರಂಭಿಸಿ, ಕೈ ಉಪಕರಣಗಳನ್ನು ಮಾಡುತ್ತ ಬಂದಿದ್ದಾರೆ. ಬಾಯಿಪಾನಾಕ್ಕೆ ಐ.ಎಸ್. 2028, ರಿಂಗಿಗೆ ಐ.ಎಸ್. 2029 ಎಂಬ ಭಾರತೀಯ ಮಾನದಂಡಗಳಿವೆ.

ರಿವರ್ಸಿಬಲ್ ಎಂದರೆ ತಲೆಯ ಪಕ್ಕದಲ್ಲಿ ಪುಟ್ಟ ಸನ್ನೆಯಿದ್ದು, ಅದನ್ನು ಸರಿಸಿದರೆ ಬಿಗಿಯುವುದು ಬಿಚ್ಚುವುದಾಗುತ್ತದೆ. ಸನ್ನೆಯಿಲ್ಲದ ಬಗೆಯದನ್ನು ಮಗುಚಿ ಹಾಕಬೇಕು, ಅದು ಅಗ್ಗ. ಆದರೆ ಗೋಡೆಯ ಬದಿಯಲ್ಲಿ ಬಿಚ್ಚುತ್ತ ಹೋದಂತೆ ಬೋಲ್ಟು ಹೊರಬಂದು ಪಾನಾ ನಡುವೆ ಸಿಕ್ಕಿಕೊಂಡರೆ ಮಗುಚಲು ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ. ಸನ್ನೆಯಿದ್ದರೆ ದಿಕ್ಕು ಬದಲಾಯಿಸಿ ಹಿಂದೆ ಬಿಗಿದು ಹೊರಗೆ ತರಬಹುದು. ಹೆಚ್ಚಿನ ಹಣ ಕೊಡುವುದು ಇದಕ್ಕಾಗಿ.

ಅಂಗಡಿಯಲ್ಲಿ ಹೊಳಪನ್ನು ನೋಡಿ ಮರುಳಾಗಬಾರದು. ಕ್ರೋಮಿನ ಹೊಳಪು ಮೇಲಿನದು. ಅಡಿಯಲ್ಲಿ ಕ್ರೋಮ್-ವೆನೇಡಿಯಂ ಉಕ್ಕು ಇದೆಯೇ ಎಂಬುದು ಮುಖ್ಯ. ಒಂದು ಬೋಲ್ಟು ಮತ್ತು ನಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ನಟ್ಟನ್ನು ಬೋಲ್ಟಿಗೆ ಸಡಿಲವಾಗಿ ಹಾಕಿ, ಪಾನಾ ತೊಡಿಸಿ, ಹಿಂದೆ ಮುಂದೆ ಆಡಿಸಬೇಕು. ಹಿಂದೆ ಬರುವಾಗ ಪಾನಾದೊಂದಿಗೆ ನಟ್ಟೂ ಹಿಂತಿರುಗಿದರೆ ಆ ರ‍್ಯಾಚೆಟ್ ಬಿಗಿ, ಇಕ್ಕಟ್ಟಿನಲ್ಲಿ ಅದರಿಂದ ಉಪಯೋಗವಿಲ್ಲ. ಸನ್ನೆ ತಾನಾಗಿಯೇ ಜಾರುವಂತಿರಬಾರದು, ಹಾಗೆಂದು ಎಣ್ಣೆಗೈಯಿಂದ ಸರಿಸಲಾಗದಷ್ಟು ಗಟ್ಟಿಯೂ ಇರಬಾರದು. ಹಲ್ಲುಗಳ ಸಂಖ್ಯೆ ಹೆಚ್ಚಾದಷ್ಟೂ ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ. ಹಲ್ಲು ಹೆಚ್ಚಿದಂತೆ ಒಂದೊಂದು ಹಲ್ಲೂ ಸಣ್ಣದಾಗುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. 72 ಸಾಕೆಂಬುದು ನಮ್ಮ ಅಭಿಪ್ರಾಯ.

ಅಳತೆಗಳನ್ನು ಎಣಿಸಿ ನೋಡಬೇಕು. 'ಹನ್ನೆರಡು ಪಾನಾಗಳ ಸೆಟ್' ಎಂದು ಡಬ್ಬದ ಮೇಲೆ ಬರೆದಿದ್ದರೆ ಸಾಲದು; ಎಂಟು, ಹತ್ತು, ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೇಳು, ಹತ್ತೊಂಬತ್ತು ಇವೆಯೇ? ಹೊಸ ಕಾರುಗಳ ಕೆಲಸವಿದ್ದರೆ ಹದಿನಾರು, ಹದಿನೆಂಟು ಕೂಡ ಬೇಕು. ಅಪರೂಪದ ಅಳತೆಗಳನ್ನು ತುಂಬಿ ಹದಿಮೂರನ್ನು ಬಿಟ್ಟ ಸೆಟ್ಟಿಗಿಂತ, ಬೇಕಾದ ಏಳನ್ನು ಬಿಡಿಬಿಡಿಯಾಗಿ ಕೊಳ್ಳುವುದು ಲೇಸು. ಹಣ ಅಷ್ಟಕ್ಕೂ ಸಾಲದಿದ್ದರೆ ಹತ್ತು ಮತ್ತು ಹನ್ನೆರಡರಲ್ಲಿ ಮಾತ್ರ ರ‍್ಯಾಚೆಟ್ ಕೊಂಡು, ಉಳಿದವನ್ನು ಸಾದಾ ರಿಂಗ್ ಪಾನಾದಲ್ಲಿ ಮಾಡಿಕೊಳ್ಳಬಹುದು. ಹಳೆಯ ಲೇತು, ಹಳೆಯ ಬುಲೆಟ್ ರಿಪೇರಿ ಮಾಡುವವರಿಗೆ ಅಂಗುಲದ ಪಾನಾಗಳು ಇಂದಿಗೂ ತಪ್ಪಿದ್ದಲ್ಲ.

ಕೊಂಡ ಮೇಲೆ ಒಂದು ಎಚ್ಚರ. ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟನ್ನು ರ‍್ಯಾಚೆಟ್ಟಿನಿಂದ ಎಳೆಯಬಾರದು. ಹಿಡಿಗೆ ಪೈಪು ತೊಡಿಸಿ ಎಳೆಯುವುದಂತೂ ಕೂಡದು. ಮೊದಲು ಉದ್ದನೆಯ ಸಾದಾ ರಿಂಗಿನಿಂದ ಸಡಿಲಿಸಿಕೊಂಡು, ಆಮೇಲೆ ಇದನ್ನು ಹಾಕಬೇಕು. ಮುಂಬಯಿಯ ಮಳೆಗಾಲದಲ್ಲಿ, ಸಮುದ್ರದ ಉಪ್ಪುಗಾಳಿಯಲ್ಲಿ ಯಾವ ಕ್ರೋಮೂ ಶಾಶ್ವತವಲ್ಲ. ಕೆಲಸ ಮುಗಿದ ಮೇಲೆ ಒರೆಸಿ, ಹೊಲಿಗೆ ಯಂತ್ರಕ್ಕೆ ಬಿಡುವಂತಹ ತೆಳು ಎಣ್ಣೆಯ ಒಂದು ತೊಟ್ಟನ್ನು ಹಲ್ಲುಚಕ್ರಕ್ಕೆ ಬಿಟ್ಟರೆ ಸಾಕು. ಗ್ರೀಸ್ ತುಂಬುವವರಿದ್ದಾರೆ, ದಪ್ಪ ಗ್ರೀಸಿನಲ್ಲಿ ಧೂಳು ಸೇರಿ ನಾಲಿಗೆ ಅಂಟಿಕೊಂಡರೆ ಕುತ್ತಾ ಎದ್ದು ನಿಲ್ಲುವುದಿಲ್ಲ, ಬಲ ಹಾಕಿದ ಕೂಡಲೇ ಪಾನಾ ಖಾಲಿ ತಿರುಗಿ ಗೆಣ್ಣಿಗೆ ಪೆಟ್ಟು.